ನಾಲಿಗೆ ಚಾಚಬೇಡಿ

"ಚಾಚುವುದು ಬೇಡ" ಎಂದರು ಡಾಕ್ಟರ್ ನುಹಾ, ಅರಬಿಯಲ್ಲಿ.
"ಚಾಚಿದರೆ ಯಾರದಾದರೂ ನಡುಗುತ್ತದೆ.
ಬಾಯಿ ತೆರೆದು ಒಳಗೇ ಮಲಗಿಸಲಿ."
ನಾನು ಕನ್ನಡ ಮಾಡಿದೆ:
ಬುಡ್ಡೇಸಾಬ್, ನಾಲಿಗೆ ಹೊರಗೆ ಹಾಕಬೇಡಿ,
ಹಲ್ಲಿನ ಅಂಗಳದಲ್ಲಿ ಸುಮ್ಮನೆ ಬಿಡಿ,
ಹೇಳಲಿಕ್ಕೆ ಏನೂ ಇಲ್ಲದವರ ಹಾಗೆ.

ಸಿತ್ರಾ ಕ್ಯಾಂಪಿನವನು, ಸ್ಕಾಫೋಲ್ಡಿಂಗ್ ಕೆಲಸ.
ಊರು ಕಾರಟಗಿ ಹತ್ತಿರ, ನಾಲೆಯಲ್ಲಿ ಈಜು ಕಲಿತವನಂತೆ.
ಮನಾಮದ ಈ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷ
ಐದು ಭಾಷೆಯಲ್ಲಿ "ಆ ಅನ್ನಿ" ಅಂದವಳು ನಾನು,
ಕುಂದಾಪುರದ ಕಡೆಯವಳು.
ಟಾರ್ಚಿನ ಬೆಳಕಲ್ಲಿ ಕಂಡೆ:
ಇಳಿತದ ಹೊತ್ತು ಹಸಿ ಮರಳಿನಡಿ
ಏಡಿಮರಿಗಳು ಹೊರಳಿದ ಹಾಗೆ
ಅಂಚಿನುದ್ದಕ್ಕೂ ಅಲುಗು, ನಿಂತು, ಮತ್ತೆ ಅಲುಗು.
ಅವನಿಗೆ ಗೊತ್ತೇ ಇಲ್ಲ.
ನೋವಿಲ್ಲ ಅಂದ.

ಎಲುಬಿಲ್ಲದ ನಾಲಿಗೆ ಅಂತೇವೆ.
ಇದೆ, ಒಂದು.
ಗಂಟಲ ಮೇಲೆ, ಕುದುರೆ ಲಾಳದಂಥದು,
ಮೈಯ ಬೇರೆ ಯಾವ ಎಲುಬಿಗೂ ತಾಗದೆ
ಬರೀ ಸ್ನಾಯುಗಳಲ್ಲಿ ತೂಗಿಕೊಂಡಿದೆ.
ಗಲ್ಲದ ಒಳಬದಿಯಿಂದ ಬೀಸಣಿಗೆಯಂತೆ ಬಿಚ್ಚಿದ ಸ್ನಾಯು
ಮುಂದಕ್ಕೆ ನೂಕುತ್ತದೆ,
ಹಿಂದಕ್ಕೆಳೆಯಲು ಒಂದು, ಕೆಳಕ್ಕೊಂದು, ಅಂಗುಳಿಗೆತ್ತಲು ಒಂದು.
ಒಳಗೇ ಹುಟ್ಟಿ ಒಳಗೇ ಮುಗಿಯುವವು ಇನ್ನು ನಾಲ್ಕು:
ಚಪ್ಪಟೆ ಮಾಡುವವು, ದೋಣಿ ಮಾಡುವವು,
ತುದಿ ಮಡಚಿ ಟ ಠ ಡ ಢ ಣ ಮಾಡುವವು.
ಎಲ್ಲವನ್ನೂ ನಡೆಸುವುದು ತಲೆಯಿಂದ ಹೊರಟ ಹನ್ನೆರಡನೆಯ ನರ,
ಅಂಗುಳಿನದೊಂದು ಮಾತ್ರ ಬೇರೆಯವರ ಮಾತು ಕೇಳುತ್ತದೆ.
ಮೇಜಿನ ಮೇಲಿನ ಪ್ಲಾಸ್ಟಿಕ್ ಬಾಯಿ ಹಿಡಿದು
ಇಷ್ಟನ್ನೂ ಬುಡ್ಡೇಸಾಬನಿಗೆ ವಿವರಿಸಿದೆ.
ಒಂದನೇ ಕ್ಲಾಸಿನ ಪದ್ದಕ್ಕ ಟೀಚರ್
ಗಂಟಲಿಂದ ತುಟಿಯ ತನಕ ನಮ್ಮನ್ನು
ಅಕ್ಷರ ಅಕ್ಷರವಾಗಿ ನಡೆಸಿಕೊಂಡು ಬಂದದ್ದು ನೆನಪಾಯಿತು.

ಆಮೇಲೆ ಡಾಕ್ಟರ್ ನಾಲ್ಕು ನಿಮಿಷ ಮಾತಾಡಿದರು.
ನಾನು ಅಂದದ್ದು:
ನರದ ತೊಂದರೆ. ಮಾತ್ರೆ ಇದೆ. ಮಂಗಳವಾರ ಬನ್ನಿ.

ಆ ರಾತ್ರಿ ಮುಹರ್ರಕ್ಕಿನ ಫ್ಲ್ಯಾಟಿನಲ್ಲಿ
ನನ್ನ ನಾಲಿಗೆಯ ಎಡ ಅಂಚು ಪಟಪಟ.
ಮೊಬೈಲಿನ ಬೆಳಕು, ಬಚ್ಚಲ ಕನ್ನಡಿ, ಮೂರು ಗಂಟೆ.
ಮೇಲಿನವರ ಏಸಿಯ ನೀರು ಬಕೆಟಿಗೆ ಬೀಳುತ್ತಿತ್ತು.
ಚಾಚಿದೆ, ಒಳಗೆಳೆದೆ, ಮಲಗಿಸಿದೆ,
ನೋಡುತ್ತಿದ್ದರೆ ಮಲಗುವುದಿಲ್ಲ ಅದು.

ಬೆಳಿಗ್ಗೆ ನುಹಾ ಕೆನ್ನೆಗೆ ಬೆರಳೊತ್ತಿ
"ಒಳಗಿಂದ ತಳ್ಳು" ಅಂದರು. ತಳ್ಳಿದೆ. ನಕ್ಕರು.
ದಿನಕ್ಕೆ ಎಷ್ಟು ಗಹ್ವಾ? ನಿದ್ದೆ ಎಷ್ಟು?
ಮಾ ಫೀ ಶೈ, ಎಂತದೂ ಇಲ್ಲ ಮಾರಾಯ್ತಿ.
ಹೇಳದೆ ಬಿಟ್ಟ ಮಾತೇ ನಾಲಿಗೆಯಲ್ಲಿ ಮಿಡಿಯಿತು
ಎಂದು ಬರೆದರೆ ಚಂದ.
ಆದರೆ ಕಾಫಿ ಜಾಸ್ತಿಯಾಗಿತ್ತು, ಅಷ್ಟೇ.

ಮಂಗಳವಾರ ಅವನು ಒಬ್ಬನೇ ಬಂದ.
"ಅಕ್ಕಾರ, ಡಾಕ್ಟರಮ್ಮ ಅಂದದ್ದು ಅಷ್ಟುದ್ದ, ನೀವು ಅಂದದ್ದು ಇಷ್ಟ.
ಉಲಿದದ್ದು ಎಲ್ಲೈತ್ರಿ?"
ಳ ಹೋಗಿತ್ತು.
ತುದಿ ಮೇಲಕ್ಕೆ ಮಡಚುತ್ತಿರಲಿಲ್ಲ.
ಹೇಳಿದೆ. ನುಂಗುವುದು, ಮಾತು, ಕೈ, ಕೊನೆಗೆ ಉಸಿರು,
ಯಾವುದು ಮೊದಲೆಂದು ಹೇಳಲಾಗದು ಎನ್ನುವುದನ್ನೂ.
ನಾಲ್ಕು ನಿಮಿಷ ಹಿಡಿಯಿತು.

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ,
"ನಾಲೆ ನೋಡಬೇಕ್ರಿ" ಅಂದ.

ಏನಂತೆ, ಎಂದರು ನುಹಾ.
ಅರಬಿಯಲ್ಲಿ ನಾಳೆಗೊಂದು ಪದ, ನಾಲೆಗೊಂದು.
ಅವನನ್ನು ಮತ್ತೆ ಕೇಳಬಹುದಿತ್ತು.
ನಾನು ಎರಡನ್ನೂ ಹೇಳಿದೆ.